ಬ್ಯಾಂಕಿನದೇ ನಂಬರ್ ತೋರಿಸುತ್ತಿತ್ತು, ಅದೂ ಮೋಸವೇ?

ಓದುಗರ ಪ್ರಶ್ನೆ: ಮೊನ್ನೆ ನನಗೊಂದು ಕರೆ ಬಂತು. ಫೋನಿನಲ್ಲಿ ಕಂಡದ್ದು ನನ್ನ ಬ್ಯಾಂಕಿನದೇ ನಂಬರ್. ಆ ಕಡೆಯವರು ನನ್ನ ಹೆಸರನ್ನೂ ಕಾರ್ಡಿನ ಮೊದಲ ಆರು ಅಂಕಿಗಳನ್ನೂ ಸರಿಯಾಗಿ ಹೇಳಿದರು. ಒಟಿಪಿ ಕೇಳಿದಾಗ ಅನುಮಾನ ಬಂದು ಕಟ್ ಮಾಡಿದೆ. ಮುಂದೆ ಇಂಥ ಕರೆ ಬಂದರೆ, ಅದು ನಿಜವಾಗಿ ಬ್ಯಾಂಕಿನದೋ ಅಲ್ಲವೋ ಅಂತ ಕಂಡುಹಿಡಿಯುವುದು ಹೇಗೆ?

ಉತ್ತರ: ಕಂಡುಹಿಡಿಯಲು ಹೋಗಲೇಬೇಡಿ. ಮಾತಿನಲ್ಲೇ ಅವರನ್ನು ಪರೀಕ್ಷೆ ಮಾಡಲು ಕೂತರೆ ಸೋಲುವವರು ನೀವೇ. ಅವರಿಗೆ ಇದು ದಿನನಿತ್ಯದ ಕೆಲಸ, ನಿಮಗೆ ಅಪರೂಪದ್ದು. ಫೋನ್ ಇಟ್ಟುಬಿಡಿ. ಕಾರ್ಡಿನ ಹಿಂಬದಿಯಲ್ಲಿರುವ ನಂಬರಿಗೆ ನೀವಾಗಿಯೇ ಕರೆ ಮಾಡಿ ವಿಚಾರಿಸಿ. ಕರೆ ಮಾಡಿದ್ದು ನಿಜವಾಗಿ ಬ್ಯಾಂಕೇ ಆಗಿದ್ದರೆ, ನೀವು ಕಟ್ ಮಾಡಿದ್ದರಿಂದ ಅವರಿಗೇನೂ ನಷ್ಟವಿಲ್ಲ.

ನಂಬರ್ ಸರಿಯಾಗೇ ಇತ್ತಲ್ಲ ಅಂತೀರಿ. ಫೋನಿನಲ್ಲಿ ಕಾಣುವ ನಂಬರ್, ಲಕೋಟೆಯ ಮೇಲೆ ಬರೆದ ‘ಇಂದ’ ವಿಳಾಸದ ಹಾಗೆ. ಕಳಿಸುವವರು ಬರೆದದ್ದೇ ಬರುತ್ತದೆ. ಇಂಟರ್ನೆಟ್ ಮೂಲಕ ಕರೆ ಮಾಡುವ ಕೆಲವು ಸೇವೆಗಳಲ್ಲಿ ಆ ಜಾಗದಲ್ಲಿ ಯಾವ ನಂಬರ್ ಬೇಕಾದರೂ ತುಂಬಬಹುದು. ಐಸ್ಪೂಫ್ ಎಂಬ ಜಾಲತಾಣ ಈ ಸೌಲಭ್ಯವನ್ನೇ ದುಡ್ಡಿಗೆ ಕೊಡುತ್ತಿತ್ತು. 2022ರ ಆಗಸ್ಟ್‌ವರೆಗಿನ ಒಂದೇ ವರ್ಷದಲ್ಲಿ ಅದರ ಮೂಲಕ ಸುಮಾರು 1 ಕೋಟಿ ಕರೆಗಳು ಹೋಗಿದ್ದವು. ಅದೇ ವರ್ಷದ ನವೆಂಬರಿನಲ್ಲಿ ಲಂಡನ್ ಪೊಲೀಸರು, ಯುರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ ಮತ್ತು ಇನ್ನೂ ಹಲವು ದೇಶಗಳವರು ಸೇರಿ ಅದನ್ನು ಮುಚ್ಚಿಸಿದರು. ಅದನ್ನು ನಡೆಸುತ್ತಿದ್ದ ಟೀಜೇ ಫ್ಲೆಚರ್‌ಗೆ 2023ರ ಮೇನಲ್ಲಿ 13 ವರ್ಷ 4 ತಿಂಗಳ ಜೈಲಾಯಿತು. ಒಂದು ತಾಣವೇನೋ ಹೋಯಿತು, ವಿದ್ಯೆ ಉಳಿದಿದೆ.

ಮೆಸೇಜುಗಳ ಕಥೆಯೂ ಇದೇ. ಕಳಿಸಿದವರ ಹೆಸರು ಒಂದೇ ಇದ್ದರೆ ಫೋನ್ ಎಲ್ಲವನ್ನೂ ಒಂದೇ ಸಾಲಿನಲ್ಲಿ ಜೋಡಿಸುತ್ತದೆ. ಹೀಗಾಗಿ ಕಳ್ಳ ಮೆಸೇಜು ನಿಮ್ಮ ಬ್ಯಾಂಕಿನ ಅಸಲಿ ಮೆಸೇಜುಗಳ ಕೆಳಗೇ ಬಂದು ಕೂರಬಹುದು.

ಇನ್ನು ಆ ಆರು ಅಂಕಿ. ಇದು ನನಗೆ ಬಹಳ ಇಷ್ಟವಾದ ಕುತಂತ್ರ, ಯಾಕೆಂದರೆ ಇದರಲ್ಲಿ ಕದಿಯುವುದು ಏನೂ ಇಲ್ಲ! ಕಾರ್ಡಿನ ಮೊದಲ ಆರು ಅಂಕಿಗಳು ನಿಮ್ಮವಲ್ಲ, ಕಾರ್ಡ್ ಕೊಟ್ಟ ಬ್ಯಾಂಕಿನವು. ಅದೇ ಬ್ಯಾಂಕಿನ ಅದೇ ಬಗೆಯ ಕಾರ್ಡ್ ಇರುವ ಸಾವಿರಾರು ಜನರಿಗೂ ಅವೇ ಅಂಕಿಗಳು. ಹಾಗಾಗಿ ಅವರು ಧೈರ್ಯವಾಗಿ ಓದುತ್ತಾರೆ. ನೀವು ಕಾರ್ಡ್ ನೋಡಿಕೊಂಡು ‘ಹೌದು ಹೌದು’ ಅಂತೀರಿ. ಆಮೇಲೆ ‘ಖಚಿತಪಡಿಸಲು ಉಳಿದದ್ದನ್ನು ನೀವು ಹೇಳಿ’ ಅಂದಾಗ ಬಾಯಿ ತಾನಾಗಿ ಹೇಳಿಬಿಡುತ್ತದೆ. ಕೊನೆಯ ನಾಲ್ಕು ಅಂಕಿಗಳೂ ಗುಟ್ಟಲ್ಲ, ರಸೀದಿಗಳ ಮೇಲೆ ಅಚ್ಚಾಗಿರುತ್ತವೆ. ಹೆಸರು, ವಿಳಾಸ, ಹುಟ್ಟಿದ ದಿನ ಎಲ್ಲೆಲ್ಲಿಂದಲೋ ಸೋರಿಹೋಗಿರುತ್ತವೆ. ಅವರಿಗೆ ನಿಮ್ಮ ಬಗ್ಗೆ ಎಷ್ಟು ಗೊತ್ತು ಅನ್ನುವುದು ಯಾವುದಕ್ಕೂ ಸಾಕ್ಷಿಯಲ್ಲ.

ಒಟಿಪಿ ಕೇಳಿದ್ದು ಯಾಕೆ ಗೊತ್ತಾ? ನೀವು ಮಾತಾಡುತ್ತಿರುವಾಗಲೇ ಅವರು ನಿಮ್ಮ ವಿವರ ಹಾಕಿ ಯಾವುದೋ ಖರೀದಿಗೋ ಲಾಗಿನ್‌ಗೋ ಕೈ ಹಾಕಿರುತ್ತಾರೆ. ಬ್ಯಾಂಕಿನಿಂದ ನಿಮಗೆ ಅಸಲಿ ಒಟಿಪಿ ಬರುತ್ತದೆ. ಅದನ್ನು ಅವರು ‘ವ್ಯವಹಾರ ರದ್ದು ಮಾಡುವ ಕೋಡ್’ ಅನ್ನುತ್ತಾರೆ. ಮೆಸೇಜಿನಲ್ಲಿ ಅಂಕಿಯೊಂದನ್ನೇ ಓದಬೇಡಿ, ಅದು ಯಾವುದಕ್ಕೆ ಬಂದದ್ದು ಅಂತಲೂ ಓದಿ. ಎಷ್ಟೋ ಸಲ ಮೊತ್ತವೂ ಅದರಲ್ಲೇ ಇರುತ್ತದೆ.

ಒಟಿಪಿಯನ್ನೇ ಕೇಳದ ಆಸಾಮಿಗಳೂ ಇದ್ದಾರೆ. ‘ನಿಮ್ಮ ಖಾತೆ ಅಪಾಯದಲ್ಲಿದೆ, ಹಣವನ್ನು ಸುರಕ್ಷಿತ ಖಾತೆಗೆ ವರ್ಗಾಯಿಸಿ’ ಅನ್ನುತ್ತಾರೆ. ಅಂಥ ಖಾತೆಯೇ ಇಲ್ಲ. ಅಪಾಯ ಕಂಡರೆ ಬ್ಯಾಂಕ್ ನಿಮ್ಮ ಖಾತೆಯನ್ನು ತಾನೇ ತಡೆಹಿಡಿಯುತ್ತದೆ, ನಿಮ್ಮಿಂದ ವರ್ಗಾವಣೆ ಮಾಡಿಸುವುದಿಲ್ಲ. ‘ಶಾಖೆಯವರಿಗೆ ಹೇಳಬೇಡಿ, ಅವರಲ್ಲೇ ಒಬ್ಬರ ಮೇಲೆ ಅನುಮಾನವಿದೆ’ ಅಂತಲೂ ಹೇಳುತ್ತಾರೆ. ಯಾರಿಗೂ ಹೇಳಬೇಡಿ, ಫೋನ್ ಇಡಬೇಡಿ ಅಂತ ಯಾರಾದರೂ ಅಂದರೆ, ಆ ಕ್ಷಣವೇ ಇಡಿ.

ತಿರುಗಿ ಕರೆ ಮಾಡುವಾಗಲೂ ಸ್ವಲ್ಪ ಹುಷಾರು ಬೇಕು. ಬ್ಯಾಂಕಿನ ನಂಬರನ್ನು ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ, ಅಲ್ಲೂ ನಕಲಿ ‘ಗ್ರಾಹಕ ಸೇವೆ’ ನಂಬರ್‌ಗಳನ್ನು ಹಾಕಿಟ್ಟಿರುತ್ತಾರೆ. ಕೆಲವು ಹಳೆಯ ಲ್ಯಾಂಡ್‌ಲೈನ್‌ಗಳಲ್ಲಿ ಆ ಕಡೆಯವರು ಫೋನ್ ಇಡದಿದ್ದರೆ ಲೈನ್ ಕಡಿಯದೆ ಹಾಗೇ ಉಳಿಯಬಹುದು. ನೀವು ಬ್ಯಾಂಕಿಗೆ ಮಾಡಿದೆ ಅಂದುಕೊಂಡ ಕರೆಯಲ್ಲಿ ಅದೇ ಗುಂಪಿನ ಇನ್ನೊಬ್ಬ ‘ಹಲೋ’ ಅನ್ನುತ್ತಾನೆ. ಮೊಬೈಲಿನಲ್ಲೂ ಇದಕ್ಕೊಂದು ದಾರಿ ಇದೆ. ಫೇಕ್‌ಕಾಲ್ಸ್ ಎಂಬ ಕಳ್ಳ ಆ್ಯಪ್ ಬಗ್ಗೆ 2022ರಲ್ಲಿ ಸೈಬರ್ ಭದ್ರತಾ ಕಂಪನಿ ಕ್ಯಾಸ್ಪರ್‌ಸ್ಕಿ ಎಚ್ಚರಿಸಿತ್ತು. ದಕ್ಷಿಣ ಕೊರಿಯಾದ ಬ್ಯಾಂಕ್ ಆ್ಯಪ್‌ಗಳ ವೇಷದಲ್ಲಿ ಬರುತ್ತಿದ್ದ ಅದು, ಬ್ಯಾಂಕಿಗೆ ಮಾಡಿದ ಕರೆಯನ್ನು ಕಳ್ಳರ ಕಡೆಗೇ ತಿರುಗಿಸುತ್ತಿತ್ತು. ಹಾಗಾಗಿ ಅವರು ಹೇಳಿದ ಆ್ಯಪ್ ಏನಾದರೂ ಹಾಕಿಕೊಂಡಿದ್ದರೆ ಬೇರೆಯವರ ಫೋನಿನಿಂದ ಕರೆ ಮಾಡಿ.

ಇದರಲ್ಲಿ ಬ್ಯಾಂಕುಗಳ ತಪ್ಪೂ ಇದೆ, ಹೇಳಲೇಬೇಕು. ನನಗೆ ಒಮ್ಮೆ ಕರೆ ಮಾಡಿದ ಬ್ಯಾಂಕಿನವರು ಮೊದಲ ಮಾತಿಗೇ ಹುಟ್ಟಿದ ದಿನ ಕೇಳಿದರು. ನಾನು ಕಟ್ ಮಾಡಿ ತಿರುಗಿ ಕೇಳಿದರೆ, ಅದು ಅಸಲಿ ಕರೆಯೇ! ತಾವೇ ಹೀಗೆ ಕೇಳಿ ಅಭ್ಯಾಸ ಮಾಡಿಸಿ, ಆಮೇಲೆ ‘ಯಾರಿಗೂ ಹೇಳಬೇಡಿ’ ಅಂದರೆ ಹೇಗೆ? ಬ್ರಿಟನ್ನಿನ ಮಾಂಜೊ ಬ್ಯಾಂಕ್ 2023ರಲ್ಲಿ ಇದಕ್ಕೊಂದು ಒಳ್ಳೆಯ ಉಪಾಯ ಮಾಡಿತು. ಈಗ ನಿಮ್ಮ ಜೊತೆ ಮಾತಾಡುತ್ತಿರುವುದು ಬ್ಯಾಂಕಿನವರೇ ಹೌದೋ ಅಲ್ಲವೋ ಅಂತ ಅದರ ಆ್ಯಪ್ ತೆರೆದರೆ ಗೊತ್ತಾಗುತ್ತದೆ. ಎಲ್ಲರೂ ಇದನ್ನು ಮಾಡಿದರೆ ನಾನು ಇಷ್ಟುದ್ದ ಬರೆಯಬೇಕಿರಲಿಲ್ಲ.

ನೀವು ಬಚಾವಾದಿರಿ. ಆದರೆ ಒಟಿಪಿ ಹೇಳಿಬಿಟ್ಟವರು ಇದನ್ನು ಓದುತ್ತಿದ್ದರೆ, ನಾಚಿಕೆಗೆ ಆಮೇಲೆ ಸಮಯ ಸಿಗುತ್ತದೆ. ಮೊದಲು ಬ್ಯಾಂಕಿಗೆ ಕರೆ ಮಾಡಿ ಕಾರ್ಡ್, ಖಾತೆ ಎರಡನ್ನೂ ನಿಲ್ಲಿಸಿ. ಹಣ ಕಳ್ಳರ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ಹಿಡಿಯಬೇಕು, ಇಲ್ಲಿ ನಿಮಿಷಗಳೇ ಲೆಕ್ಕ. ಪಾಸ್‌ವರ್ಡನ್ನು ಬೇರೆ ಸಾಧನದಿಂದ ಬದಲಿಸಿ. ಮೆಸೇಜು, ಕರೆಗಳ ಪಟ್ಟಿ ಅಳಿಸದೆ ಪೊಲೀಸರಿಗೆ ದೂರು ಕೊಡಿ. ಕೆಲವು ದಿನ ಬಿಟ್ಟು ಇನ್ನೊಂದು ಕರೆಯೂ ಬರಬಹುದು: ‘ನಿಮ್ಮ ಹಣ ಸಿಕ್ಕಿದೆ, ಬಿಡಿಸಿಕೊಳ್ಳಲು ಸ್ವಲ್ಪ ಶುಲ್ಕ ಕಟ್ಟಿ.’ ಅದು ಅದೇ ಮೋಸದ ಎರಡನೇ ಕಂತು.