ಫಿಟ್ಸ್ ನಿಂತಿದೆ ಸರಿ, ಮನಸ್ಸು ಹೇಗಿದೆ ಅಂತ ಯಾರು ಕೇಳಿದ್ರು?

ಪ್ರತಿ ವರ್ಷ ನವೆಂಬರ್ 17ಕ್ಕೆ, ಅಂದ್ರೆ ರಾಷ್ಟ್ರೀಯ ಅಪಸ್ಮಾರ ದಿನದ ಹೊತ್ತಿಗೆ, ಆಸ್ಪತ್ರೆ ಗೋಡೆ ಮೇಲೆ, ವಾಟ್ಸಾಪ್ ಗ್ರೂಪಲ್ಲಿ ಒಂದು ಸಾಲು ತಪ್ಪದೆ ಬರುತ್ತೆ: ಮೂರ್ಛೆ ರೋಗ ಮಾನಸಿಕ ಕಾಯಿಲೆ ಅಲ್ಲ, ಮೆದುಳಿನ ಕಾಯಿಲೆ. ಮಾತು ಸರಿಯಾಗೇ ಇದೆ. ಕೈಗೆ ಬೀಗದಕೈ ತುರುಕೋದು, ಚಪ್ಪಲಿ ಮೂಸಿಸೋದು, ಯಂತ್ರ ಕಟ್ಟಿಸೋದು, ಇವುಗಳ ವಿರುದ್ಧ ನಿಲ್ಲೋಕೆ ಆ ಸಾಲು ಬೇಕೇ ಬೇಕಿತ್ತು, ಈಗಲೂ ಬೇಕು. ಆದ್ರೆ ಅದನ್ನೇ ಹೇಳಿ ಹೇಳಿ ನಾವೊಂದು ಎಡವಟ್ಟು ಮಾಡ್ಕೊಂಡಿದೀವಿ ಅನ್ನೋದು ನನ್ನ ತಕರಾರು. ಮಾನಸಿಕ ಅಲ್ಲ ಅಂದಮೇಲೆ ಮನಸ್ಸಿನ ಸುದ್ದಿ ಯಾಕೆ ಅಂತ ಡಾಕ್ಟರೂ ಸುಮ್ಮನಾದ್ರು, ಮನೆಯವರೂ ಸುಮ್ಮನಾದ್ರು, ಪೇಷಂಟ್ ಅಂತೂ ಬಾಯೇ ಬಿಡಲಿಲ್ಲ. ಒಪಿಡಿಯಲ್ಲಿ ಸಿಗೋ ನಾಲ್ಕು ನಿಮಿಷದಲ್ಲಿ ಕೇಳೋದು ಒಂದೇ ಪ್ರಶ್ನೆ, "ಹೋದ ಸಲ ಬಂದಮೇಲೆ ಎಷ್ಟು ಸಲ ಬಂತು?" ಬಂದಿಲ್ಲ ಅಂದ್ರೆ ಅದೇ ಮಾತ್ರೆ ಮುಂದುವರಿಸಿ, ಮೂರು ತಿಂಗಳು ಬಿಟ್ಟು ಬನ್ನಿ.

ಪ್ರಪಂಚದಲ್ಲಿ ಸುಮಾರು 5 ಕೋಟಿ ಜನಕ್ಕೆ ಮೂರ್ಛೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅವರಲ್ಲಿ ಹೆಚ್ಚುಕಮ್ಮಿ ನಾಲ್ಕರಲ್ಲಿ ಒಬ್ಬರಿಗೆ ಖಿನ್ನತೆಯೂ ಇರುತ್ತೆ, ಆತಂಕದ ತೊಂದರೆ ಇರೋರ ಸಂಖ್ಯೆಯೂ ಹತ್ತಿರಹತ್ತಿರ ಅಷ್ಟೇ. ಇಂಥ ಕಾಯಿಲೆ ಬಂದ್ರೆ ಯಾರಿಗಾದ್ರೂ ಬೇಜಾರಾಗಲ್ವಾ, ಅದರಲ್ಲೇನು ವಿಶೇಷ ಅಂತ ಓದಿದೋರೇ ಕೇಳ್ತಾರೆ. ಆ ಪ್ರಶ್ನೆ ಅರ್ಧ ಸರಿ, ಉಳಿದರ್ಧ ಪೂರ್ತಿ ತಪ್ಪು.

ಒಂಚೂರು ಹಳೇ ಕಥೆ ಹೇಳ್ಬೇಕು. ಮೂರ್ಛೆ ಅಂದ ತಕ್ಷಣ ಮಾಡಿಸೋ ಇಇಜಿ ಇದೆಯಲ್ಲ, ತಲೆಗೆಲ್ಲ ವೈರು ಅಂಟಿಸಿ ಗೆರೆ ತೆಗೆಯೋದು, ಅದನ್ನ ಕಂಡುಹಿಡಿದವನು ನರರೋಗ ತಜ್ಞ ಅಲ್ಲ, ಜರ್ಮನಿಯ ಯೇನಾ ಊರಿನ ಮನೋವೈದ್ಯ ಹಾನ್ಸ್ ಬರ್ಗರ್. 1924ರಲ್ಲಿ ಮನುಷ್ಯನ ಮೆದುಳಿನ ಅಲೆಗಳನ್ನ ಮೊದಲ ಸಲ ದಾಖಲು ಮಾಡಿ, ಐದು ವರ್ಷ ಬಿಟ್ಟು 1929ರಲ್ಲಿ ಪ್ರಕಟ ಮಾಡಿದ. ಅದಾಗಿ ಕೆಲವೇ ವರ್ಷಕ್ಕೆ, 1934ರಲ್ಲಿ, ಹಂಗೇರಿಯ ಮೆಡೂನಾ ಅನ್ನೋ ಡಾಕ್ಟರಿಗೆ ಮೂರ್ಛೆ ಮತ್ತು ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸೋ, ಇಲ್ಲದ ಅನುಮಾನ ಕಾಡೋ ಮನೋರೋಗ) ಒಂದಕ್ಕೊಂದು ಶತ್ರು ಅಂತ ಅನ್ನಿಸಿ, ಸ್ಕಿಜೋಫ್ರೇನಿಯಾ ಇರೋರಿಗೆ ಬೇಕಂತಲೇ ಫಿಟ್ಸ್ ಬರಿಸಿ ನೋಡೋಣ ಅಂತ ಹೊರಟ. ಯಾವುದರಿಂದ ಬರಿಸಿದ ಗೊತ್ತಾ, ಕರ್ಪೂರದಿಂದ! ಎಣ್ಣೆಯಲ್ಲಿ ಕರಗಿಸಿ ಇಂಜೆಕ್ಷನ್ ಕೊಟ್ಟ. (ಕರ್ಪೂರಕ್ಕೆ ಫಿಟ್ಸ್ ತರಿಸೋ ಶಕ್ತಿ ನಿಜವಾಗ್ಲೂ ಇದೆ, ಚಿಕ್ಕ ಮಕ್ಕಳು ದೇವರ ಮನೆಯಿಂದ ತಗೊಂಡು ನುಂಗಿ ಆಸ್ಪತ್ರೆ ಸೇರಿದ್ದು ಎಷ್ಟೋ ಇದೆ, ದಯವಿಟ್ಟು ಡಬ್ಬಿ ಎತ್ತರದಲ್ಲಿಡಿ.) ಅವನ ಶತ್ರುತ್ವದ ಸಿದ್ಧಾಂತ ನಿಲ್ಲಲಿಲ್ಲ, ಆದ್ರೆ ಅದೇ ದಾರಿ ಹಿಡಿದು 1938ರಲ್ಲಿ ರೋಮ್‌ನಲ್ಲಿ ಕರೆಂಟ್ ಕೊಟ್ಟು ಫಿಟ್ಸ್ ಬರಿಸೋ ವಿದ್ಯುತ್ ಚಿಕಿತ್ಸೆ ಹುಟ್ಟಿತು, ತೀವ್ರ ಖಿನ್ನತೆಗೆ ಇವತ್ತಿಗೂ ಅದು ಬಳಕೆಯಲ್ಲಿದೆ. ಯಾಕೆ ಇಷ್ಟೆಲ್ಲ ಹೇಳ್ದೆ ಅಂದ್ರೆ, ನರ ಬೇರೆ ಮನಸ್ಸು ಬೇರೆ ಅಂತ ನಾವು ಎಳೆದಿರೋ ಗೆರೆ ಮೆದುಳಿನೊಳಗೆ ಎಲ್ಲೂ ಇಲ್ಲ.

ಮೆದುಳಿನ ಪಕ್ಕದ ಭಾಗ, ಕಿವಿ ಮೇಲಿನ ನೇರಕ್ಕೆ ಒಳಗಡೆ, ಟೆಂಪೊರಲ್ ಲೋಬ್. ದೊಡ್ಡವರಲ್ಲಿ ಒಂದು ಜಾಗದಿಂದ ಶುರುವಾಗೋ ಫಿಟ್ಸ್ ಬಹಳಷ್ಟು ಹುಟ್ಟೋದು ಇಲ್ಲೇ. ಇದರ ಒಳಗೇ ನೆನಪು ಕಟ್ಟೋ ಹಿಪೊಕ್ಯಾಂಪಸ್ ಇದೆ, ಅದರ ಮುಂದೆ ಬಾದಾಮಿ ಆಕಾರದ ಅಮಿಗ್ಡಲಾ ಇದೆ, ಭಯ ಅನ್ನೋದು ಮೈಗೆ ಹತ್ತೋದಕ್ಕೆ ಅದೇ ಮುಖ್ಯ. ಈಗ ಫಿಟ್ಸ್‌ನ ವಿದ್ಯುತ್ ಅಮಿಗ್ಡಲಾದಲ್ಲಿ ಎದ್ದಿತು ಅಂದ್ಕೊಳ್ಳಿ, ಕೈಕಾಲು ಒಂಚೂರೂ ಅದುರಲ್ಲ, ಹೊಟ್ಟೆಯಿಂದ ಏನೋ ಮೇಲಕ್ಕೆ ಬಂದ ಹಾಗಾಗಿ ಜೀವ ಹೋಗೋವಷ್ಟು ಭಯ ಆಗಿ, ಅರ್ಧ ನಿಮಿಷಕ್ಕೋ ಎರಡು ನಿಮಿಷಕ್ಕೋ ಇಳಿದುಹೋಗುತ್ತೆ. ಎದುರಿಗೆ ಹುಲಿ ಇಲ್ಲ, ಕಳ್ಳ ಇಲ್ಲ, ಭಯ ಮಾತ್ರ ನೂರಕ್ಕೆ ನೂರು ನಿಜ. ಇಂಥವರನ್ನ ಪ್ಯಾನಿಕ್ ಅಟ್ಯಾಕ್ ಅಂತ ವರ್ಷಗಟ್ಟಲೆ ಓಡಾಡಿಸಿದ್ದುಂಟು. ಪ್ಯಾನಿಕ್ ಆದ್ರೆ ಸಾಮಾನ್ಯವಾಗಿ ಹತ್ತಾರು ನಿಮಿಷ ಇರುತ್ತೆ, ಏನಾಯ್ತು ಅಂತ ಪೂರ್ತಿ ನೆನಪಿರುತ್ತೆ. ಫಿಟ್ಸ್‌ನ ಭಯ ಚಿಕ್ಕದು, ಪ್ರತಿ ಸಲ ಅಚ್ಚೊತ್ತಿದ ಹಾಗೆ ಒಂದೇ ಥರ, ಕೆಲವು ಸಲ ನಡುವೆ ಅರಿವು ಮಸುಕಾಗುತ್ತೆ.

ಖಿನ್ನತೆಯದ್ದೂ ಇದೇ ಜಾಗ. ಬಹಳ ಕಾಲ ಖಿನ್ನತೆ ಇದ್ದವರಲ್ಲಿ ಹಿಪೊಕ್ಯಾಂಪಸ್ ಸ್ವಲ್ಪ ಕುಗ್ಗಿರುತ್ತೆ, ಟೆಂಪೊರಲ್ ಲೋಬ್ ಮೂರ್ಛೆಯಲ್ಲೂ ಕುಗ್ಗುತ್ತೆ. ಸೆರೊಟೋನಿನ್ ಅನ್ನೋ ಮೆದುಳಿನ ರಾಸಾಯನಿಕವನ್ನ ಹಿಡ್ಕೊಳ್ಳೋ ಒಂದು ಬಗೆಯ ಗ್ರಾಹಕ (ರಿಸೆಪ್ಟರ್) ಎರಡರಲ್ಲೂ ಕಮ್ಮಿ ಕಂಡಿದೆ. ಒಂದೇ ಟ್ರಾನ್ಸ್‌ಫಾರ್ಮರ್‌ನಿಂದ ಎರಡು ಬೀದಿಗೆ ಲೈನ್ ಹೋಗಿದ್ರೆ, ಆ ಬೀದಿಯಲ್ಲಿ ಶಾರ್ಟ್ ಆದಾಗ ಈ ಬೀದಿಯ ಬಲ್ಬೂ ಮಿಣಮಿಣ ಅನ್ನಲ್ವಾ, ಹಾಗೆ. ಇದಕ್ಕೆ ಗಟ್ಟಿ ಸಾಕ್ಷಿ ಏನಂದ್ರೆ ಸಂಬಂಧ ಎರಡೂ ಕಡೆಯಿಂದ ಇದೆ: ಮೊದಲು ಖಿನ್ನತೆ ಇದ್ದವರಿಗೆ ಮುಂದೆ ಮೂರ್ಛೆ ಶುರುವಾಗೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಇನ್ನೂ ಬರದೇ ಇರೋ ಕಾಯಿಲೆಗೆ ಯಾರೂ ಮುಂಚೆಯೇ ಬೇಜಾರು ಮಾಡ್ಕೊಳ್ಳಲ್ವಲ್ಲ!

ಹಾಗಂತ ಬದುಕಿನ ಭಾರ ಸುಳ್ಳಲ್ಲ. ಮೂರ್ಛೆ ಇರೋರಿಗೆ ಬಚ್ಚಲುಮನೆ ಚಿಲಕ ಹಾಕ್ಬೇಡಿ ಅಂತಾರೆ, ಒಳಗೆ ಬಿದ್ರೆ ತೆಗೆಯೋದು ಹೇಗೆ, ಸರಿಯಾದ ಸಲಹೆಯೇ. ಆದ್ರೆ ಕೆಲಸಕ್ಕೆ ಹೋಗೋ ಹೆಣ್ಣುಮಗಳು ಚಿಲಕ ಇಲ್ಲದೆ ಸ್ನಾನ ಮಾಡ್ತಿರೋವಾಗ ಹೊರಗಡೆ ಅಣ್ಣನೋ ಅತ್ತೆಯೋ ನಿಮಿಷಕ್ಕೊಮ್ಮೆ "ಆಯ್ತೇನೇ?" ಅಂತ ಕೂಗ್ತಾ ನಿಂತಿದ್ರೆ, ಅದು ದಿನಾ ಬೆಳಗ್ಗೆ ನಡೆದ್ರೆ, ಮನಸ್ಸು ಏನಾಗ್ಬೇಡ. ನಮ್ಮ ಕಡೆ ಇದು ಇನ್ನೂ ಒಂದು ಕೈ ಜಾಸ್ತಿ, ಯಾಕಂದ್ರೆ ತಲೆಗೆ ಬಿಸಿನೀರು ಹುಯ್ಕೊಂಡಾಗಲೇ ಬರೋ ಫಿಟ್ಸ್ ದಕ್ಷಿಣ ಕರ್ನಾಟಕದಲ್ಲಿ ವಿಶೇಷವಾಗಿ ಕಾಣುತ್ತೆ, ನಿಮ್ಹಾನ್ಸ್‌ನವರು ದಶಕಗಟ್ಟಲೆ ಅಧ್ಯಯನ ಮಾಡಿದ್ದಾರೆ. ಲೈಸೆನ್ಸ್ ಅರ್ಜಿಯಲ್ಲೂ ಫಿಟ್ಸ್ ಇದೆಯಾ ಅಂತ ಕೇಳ್ತಾರೆ. ಮದುವೆ ಬಗ್ಗೆ ಅಂತೂ ಕೇಳಲೇಬೇಡಿ, 1955ರ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ತಿದ್ದುಪಡಿ ಮಾಡಿ ಮದುವೆಗೆ ಅಡ್ಡಿಯಾಗೋ ಕಾರಣಗಳಲ್ಲಿ ಹುಚ್ಚಿನ ಪಕ್ಕದಲ್ಲೇ ಮೂರ್ಛೆಯನ್ನೂ ಸೇರಿಸಿದ್ರು, ಅದನ್ನ ತೆಗೆದು ಹಾಕಿದ್ದು 1999ರಲ್ಲಿ. ಕಾನೂನು ಬಿಟ್ಟರೂ ಜನ ಬಿಟ್ಟಿಲ್ಲ, ಮಾತ್ರೆ ಡಬ್ಬಿ ಬಚ್ಚಿಟ್ಟು ಮದುವೆ ಮಾಡ್ತಾರೆ, ಹುಡುಗಿ ಹೆದರಿ ಮಾತ್ರೆ ಬಿಡ್ತಾಳೆ, ಫಿಟ್ಸ್ ವಾಪಸ್ ಬರುತ್ತೆ.

ಮಾತ್ರೆಗಳದ್ದೂ ಒಂದು ಪಾತ್ರ ಇದೆ. ಲೆವೆಟಿರಾಸೆಟಮ್ ಈಗ ತುಂಬಾ ಜನ ತಗೊಳ್ಳೋ ಮಾತ್ರೆ, ಒಳ್ಳೆ ಮಾತ್ರೆ, ಆದ್ರೆ ಕೆಲವರಿಗೆ ಅದರಿಂದ ವಿಪರೀತ ಸಿಟ್ಟು, ಕಿರಿಕಿರಿ, ಕೆಲವರಿಗೆ ಖಿನ್ನತೆ ಬರುತ್ತೆ. ತಟ್ಟೆ ಎಸೆದ, ಅಮ್ಮನ ಮೇಲೆ ಕೈ ಎತ್ತಿದ, ಮನೆಯವರು "ಇವನಿಗೆ ಕೊಬ್ಬು" ಅಂತಾರೆ, ಯಾರೂ ಅದನ್ನ ಮಾತ್ರೆ ಶುರುವಾದ ತಾರೀಖಿನ ಜೊತೆ ಇಟ್ಟು ನೋಡಲ್ಲ. ಹಳೇ ಫಿನೋಬಾರ್ಬಿಟೋನ್, ಹಳಬರು ಗಾರ್ಡಿನಾಲ್ ಅಂತಿದ್ರಲ್ಲ, ಅದೂ ಕೆಲವರ ಮನಸ್ಸನ್ನ ಕುಗ್ಗಿಸುತ್ತೆ. ಅದೇ ವಾಲ್ಪ್ರೋಯೇಟ್, ಲ್ಯಾಮೋಟ್ರಿಜಿನ್ ಥರದವು ಮನಸ್ಸಿನ ಏರಿಳಿತವನ್ನ ಸಮ ಮಾಡೋಕೂ ಕೊಡೋ ಔಷಧಿಗಳು. ಅಂದ್ರೆ ಡಾಕ್ಟರಿಗೆ ಹೇಳಿದ್ರೆ ಬದಲಾಯಿಸೋಕೆ ದಾರಿ ಇದೆ. ನೀವೇ ಮಾತ್ರೆ ನಿಲ್ಲಿಸೋದು ಮಾತ್ರ ಬೇಡ, ದಿಢೀರ್ ಬಿಟ್ರೆ ನಿಲ್ಲದೇ ಬರೋ ಫಿಟ್ಸ್ ಪ್ರಾಣಕ್ಕೇ ಕುತ್ತು.

ನನಗೆ ತುಂಬಾ ಸಂಕಟ ಆಗೋದು ಇನ್ನೊಂದು ವಿಷಯಕ್ಕೆ. ಕೆಲವರಿಗೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ನಿಂತು, ಒಂದೆರಡು ದಿನ ಆರಾಮಾಗಿದ್ದು, ಆಮೇಲೆ ಇದ್ದಕ್ಕಿದ್ದ ಹಾಗೆ ಯಾರೋ ಮಾತಾಡ್ತಿದ್ದಾರೆ ಅಂತಾರೆ, ನನ್ನನ್ನ ಕೊಲ್ಲೋಕೆ ಬಂದಿದ್ದಾರೆ ಅಂತಾರೆ, ನಿದ್ದೆ ಮಾಡಲ್ಲ. ನಡುವೆ ಚೆನ್ನಾಗಿದ್ದ ಆ ಎರಡು ದಿನವೇ ಎಲ್ಲರನ್ನೂ ದಾರಿ ತಪ್ಪಿಸೋದು, ಫಿಟ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ, ಇದು ಗಾಳಿಯೇ ಅಂತ ಮಂತ್ರವಾದಿ ಹತ್ರ ಕರ್ಕೊಂಡು ಹೋಗಿ ಬೇವಿನ ಸೊಪ್ಪಲ್ಲಿ ಹೊಡೆಸ್ತಾರೆ. ಇದು ಫಿಟ್ಸ್ ಆದಮೇಲೆ ಬರೋ ಸೈಕೋಸಿಸ್, ಔಷಧಿಗೆ ಸಾಮಾನ್ಯವಾಗಿ ಬೇಗ ಇಳಿಯುತ್ತೆ. ಆ ಹೊತ್ತಲ್ಲಿ ತಮಗೆ ತಾವೇ ಅಪಾಯ ಮಾಡ್ಕೊಳ್ಳೋ ಸಾಧ್ಯತೆ ಹೆಚ್ಚು, ಅದಕ್ಕೇ ಒಂದು ದಿನವೂ ಕಾಯಬಾರದು.

ಇನ್ನು ಇಇಜಿಯಲ್ಲಿ ಏನೂ ಇಲ್ಲದೆ ಫಿಟ್ಸ್ ಥರವೇ ಬರೋದೂ ಇದೆ, ಬಹಳ ಸಲ ಕಣ್ಣು ಗಟ್ಟಿಯಾಗಿ ಮುಚ್ಚಿರುತ್ತೆ, ತುಂಬಾ ಹೊತ್ತು ನಡೆಯುತ್ತೆ. ಅದು ನಾಟಕ ಅಲ್ಲ, ಬೇಕಂತ ಮಾಡೋದೂ ಅಲ್ಲ. ವಿಡಿಯೋ ಇಇಜಿಯಲ್ಲಿ ಗೊತ್ತಾದ್ರೆ ಫಿಟ್ಸ್ ಮಾತ್ರೆ ಬದಲು ಮಾತುಕತೆಯಿಂದ ಮನಸ್ಸಿಗೆ ಕೊಡೋ ಚಿಕಿತ್ಸೆ (ಸೈಕೋಥೆರಪಿ) ಕೊಡ್ತಾರೆ. ಕೆಲವರಿಗೆ ಎರಡೂ ಇರುತ್ತೆ.

ಇದಕ್ಕೆಲ್ಲ ದೊಡ್ಡ ಮೆಷಿನ್ ಬೇಕಾಗಿಲ್ಲ. ಮೂರ್ಛೆ ಇರೋರ ಖಿನ್ನತೆ ಹಿಡಿಯೋಕೆ ಅಂತಲೇ ಮಾಡಿರೋ ಆರು ಪ್ರಶ್ನೆಗಳ ಒಂದು ಪಟ್ಟಿ ಇದೆ, ಮೂರು ನಿಮಿಷದ ಕೆಲಸ. ಖಿನ್ನತೆ ಮಾತ್ರೆ ತಗೊಂಡ್ರೆ ಫಿಟ್ಸ್ ಜಾಸ್ತಿ ಆಗುತ್ತೆ ಅನ್ನೋ ಹೆದರಿಕೆ ಡಾಕ್ಟರುಗಳಲ್ಲೂ ಉಳಿದಿದೆ, ಬುಪ್ರೊಪಿಯಾನ್, ಕ್ಲೋಮಿಪ್ರಮೀನ್ ಥರದ ಕೆಲವಕ್ಕೆ ಆ ಮಾತು ಒಪ್ಪೋದು, ಸೆರ್ಟ್ರಾಲಿನ್, ಎಸ್ಸಿಟಾಲೋಪ್ರಾಮ್‌ನಂಥವನ್ನ ಸಾಮಾನ್ಯ ಡೋಸಲ್ಲಿ ಧೈರ್ಯವಾಗಿ ಕೊಡಬಹುದು. ಮತ್ತೆ ಮೂರ್ಛೆ, ಮನಸ್ಸು ಎರಡನ್ನೂ ಒಟ್ಟಿಗೆ ನೋಡೋದು ನಮಗೆ ಹೊಸದೂ ಅಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ಮಾನಸಿಕ ಕಾಯಿಲೆ, ಮೂರ್ಛೆ ಎರಡಕ್ಕೂ ಜೊತೆಯಲ್ಲೇ ತರಬೇತಿ ಕೊಟ್ಟಿದ್ರು, 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಮುಂದಿನ ಸಲ ಒಪಿಡಿಗೆ ಹೋಗೋವಾಗ ಫಿಟ್ಸ್ ಬಂದ ತಾರೀಖು ಬರೆಯೋ ಅದೇ ಪುಸ್ತಕದಲ್ಲಿ ನಿದ್ದೆ, ಸಿಟ್ಟು, ಅಳು ಬಂದ ದಿನಗಳನ್ನೂ ಬರ್ಕೊಂಡು ಹೋಗಿ, ಡಾಕ್ಟರ್ ಕೇಳದಿದ್ರೂ ನೀವೇ ತೋರಿಸಿ. ಬದುಕೇ ಬೇಡ ಅನ್ನೋ ಯೋಚನೆ ಬರ್ತಿದ್ರೆ ಆ ತಾರೀಖಿನವರೆಗೂ ಕಾಯಬೇಡಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲಾದ್ರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.