ಬಸುರಿಯ ಅಂಡಾಶಯ ತಿರುಚಿಕೊಂಡರೆ

ಹನ್ನೆರಡು ವಾರದ ಬಸುರಿಗೆ ಇದ್ದಕ್ಕಿದ್ದಂತೆ ಕಿಬ್ಬೊಟ್ಟೆಯ ಒಂದೇ ಬದಿ ನೋವು, ಜೊತೆಗೆ ವಾಂತಿ. ಮನೆಯಲ್ಲಿ ಓಮದ ಕಷಾಯ ಕುಡಿಸಿ, ಬಸುರಲ್ಲಿ ಇದೆಲ್ಲ ಇದ್ದದ್ದೇ ಅಂತ ಬೆಳಗಿನವರೆಗೆ ಕಾಯುತ್ತಾರೆ. ಸಿಸ್ಟ್ (ನೀರು ತುಂಬಿದ ಗುಳ್ಳೆ) ಇರುವ ಅಂಡಾಶಯ ತೊಟ್ಟಿನ ಸಮೇತ ತಿರುಚಿಕೊಂಡಿದ್ದರೆ ಆ ಒಂದು ರಾತ್ರಿಯೇ ದುಬಾರಿ. ಮೊದಲು ಕಟ್ಟುವುದು ರಕ್ತ ಹೊರಹೋಗುವ ನಾಳ, ಅಂಡಾಶಯ ಊದಿಕೊಳ್ಳುತ್ತದೆ, ಒಳಬರುವ ರಕ್ತ ಆಮೇಲೆ ನಿಲ್ಲುತ್ತದೆ. ಹಾಗಾಗಿ ಡಾಪ್ಲರ್ ಸ್ಕ್ಯಾನಿನಲ್ಲಿ ರಕ್ತ ಹರಿಯುವುದು ಕಂಡಿತೆಂದು ನಿಶ್ಚಿಂತರಾಗುವಂತಿಲ್ಲ.

ಶಿರಸಿಯಿಂದ ಹುಬ್ಬಳ್ಳಿ, ಕಾರವಾರದಿಂದ ಗೋವಾ ಅಥವಾ ಮಣಿಪಾಲ, ಎಲ್ಲಿಗೆ ಕಳಿಸಿದರೂ ದಾರಿಯೇ ಗಂಟೆಗಟ್ಟಲೆ. ತಾಯಿ ಕಾರ್ಡ್, ಹಳೆಯ ಸ್ಕ್ಯಾನಿಂಗ್ ವರದಿ, ಕೊನೆಗೆ ಉಂಡ ಹೊತ್ತು ಬರೆದ ಚೀಟಿ ಜೊತೆಗಿರಲಿ. ಎಳನೀರೂ ಬೇಡ: ಬಸುರಿಗೆ ಅನ್ನನಾಳದ ಬುಡ ಸಡಿಲ, ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯಬಹುದು.

ತಿರುಚು ಬಿಡಿಸುವುದು ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ. ಬಸುರಿಗೆ ಅದು ಆಗದು ಎಂಬುದು ಹಳೆಯ ಮಾತು. ತುರ್ತಿದ್ದರೆ ಯಾವ ತಿಂಗಳಲ್ಲಾದರೂ ಸರಿ. ಕಾಯಲು ಬರುವಂಥದ್ದಕ್ಕೆ 14ರಿಂದ 20 ವಾರ ಅನುಕೂಲ. 5 ಸೆಂ.ಮೀ. ಒಳಗಿನ ಸಾದಾ ಸಿಸ್ಟ್ ಬಹುತೇಕ 16 ವಾರದೊಳಗೆ ತಾನೇ ಕರಗುತ್ತದೆ, ಮುಟ್ಟಬೇಕಿಲ್ಲ.

ಎಡವಟ್ಟಾಗುವುದು ಮೊದಲ ತೂತಿನಲ್ಲಿ. 20 ವಾರಕ್ಕೆ ಗರ್ಭಕೋಶದ ತುದಿ ಹೊಕ್ಕುಳ ಮಟ್ಟಕ್ಕೆ ಬಂದಿರುತ್ತದೆ. ಅಲ್ಲಿ ಕುರುಡಾಗಿ ಸೂಜಿ ಚುಚ್ಚಿದರೆ ಅದಕ್ಕೇ ನಾಟೀತು. ಎಡ ಪಕ್ಕೆಲುಬಿನಂಚಿನ 3 ಸೆಂ.ಮೀ. ಕೆಳಗೆ ಒಳಹೊಗಬೇಕು, ಇಲ್ಲವೇ ಗರ್ಭಕೋಶದ ತುದಿಗಿಂತ ಸಾಕಷ್ಟು ಮೇಲೆ ಪದರ ಪದರ ಬಿಡಿಸಿ ಕಣ್ಣಾರೆ ಕಂಡು ಟ್ರೋಕಾರ್ (ಸಲಕರಣೆ ತೂರಿಸುವ ಕೊಳವೆ) ಇಳಿಸಬೇಕು. ಹೊಟ್ಟೆ ಉಬ್ಬಿಸುವ ಗ್ಯಾಸಿನ ಒತ್ತಡ 12 ಮಿ.ಮೀ. ಪಾದರಸದಲ್ಲಿ ಕೆಲಸವಾದರೆ 15ಕ್ಕೆ ಏರಿಸುವುದೇಕೆ? ಬೆನ್ನಿನ ಬಲಗಡೆ ದಿಂಬು ಕೊಟ್ಟು ಎಡಕ್ಕೆ ವಾಲಿಸದಿದ್ದರೆ ಗರ್ಭದ ಭಾರಕ್ಕೆ ದೊಡ್ಡ ರಕ್ತನಾಳ ಒತ್ತಿ ತಾಯಿಯ ಬಿಪಿ ಇಳಿಯುತ್ತದೆ. ಗರ್ಭಕೋಶದೊಳಗೆ ಯಾವ ಸಲಕರಣೆಯನ್ನೂ ತೂರಿಸುವಂತಿಲ್ಲ. ಮಗುವಿನ ಎದೆಬಡಿತ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ನೋಡಬೇಕು.

ಒಳಗೆ ಅಂಡಾಶಯ ಒಣಗಿದ ಮುರುಗಲ ಸಿಪ್ಪೆಯ ಬಣ್ಣಕ್ಕೆ ತಿರುಗಿರುತ್ತದೆ. ನೋಡಿದವರಿಗೆ ಸತ್ತೇಹೋಯಿತು ಅನಿಸೀತು. ಕತ್ತರಿಸಲು ಅವಸರ ಬೇಡ. ತಿರುಚು ಬಿಡಿಸಿದರೆ ಹೆಚ್ಚಿನವು ಚೇತರಿಸಿಕೊಳ್ಳುತ್ತವೆ, ಬಣ್ಣ ಮೇಜಿನ ಮೇಲೇ ಮರಳದಿದ್ದರೂ. 10 ವಾರಕ್ಕೂ ಮೊದಲು ಕಾರ್ಪಸ್ ಲ್ಯೂಟಿಯಂ (ಅಂಡ ಹೊರಬಿದ್ದ ಜಾಗದಲ್ಲಿ ಉಳಿದು ಹಾರ್ಮೋನು ಸ್ರವಿಸುವ ಭಾಗ) ತೆಗೆಯಬೇಕಾಗಿ ಬಂದರೆ ಪ್ರೊಜೆಸ್ಟರಾನ್ ಹಾರ್ಮೋನು ಕೊಡಲೇಬೇಕು. ಆವರೆಗೆ ಗರ್ಭ ನಿಲ್ಲುವುದೇ ಅದರ ಆಸರೆಯಲ್ಲಿ.

ಅದೇ ದಿನ ಎದ್ದು ನಡೆಸುವುದು, ಕಾಲಲ್ಲಿ ರಕ್ತ ಹೆಪ್ಪುಗಟ್ಟದಿರಲು. ನೋವಿಗೆ ಪ್ಯಾರಸಿಟಮಾಲ್ ಆದೀತು. ಬ್ರೂಫಿನ್, ಡೈಕ್ಲೋಫಿನಾಕ್ ಮಾತ್ರ ವೈದ್ಯರನ್ನು ಕೇಳದೆ ನುಂಗಬಾರದು. ಒಂದೆರಡು ದಿನ ಭುಜ ನೋಯುವುದು ಗ್ಯಾಸಿನಿಂದ. ಮತ್ತೆ ಅದೇ ಬದಿ ಹಿಡಿದುಕೊಂಡರೆ, ರಕ್ತ ಅಥವಾ ನೀರು ಹೋದರೆ, ಹೊಟ್ಟೆ ಮತ್ತೆ ಮತ್ತೆ ಬಿಗಿಯಾಗಿ ಸಡಿಲವಾದರೆ ಆ ಹೊತ್ತಿಗೇ ಆಸ್ಪತ್ರೆಗೆ ಬರಬೇಕು.