ಕಾವಲಿಗೆ ‘ಪಾಳು’ ಎಂಬ ಬಣ್ಣ ಹಚ್ಚುವ ಮುನ್ನ

ಪರಿಸರ ಯೋಜನೆ ಓದುವ ವಿದ್ಯಾರ್ಥಿಗಳು ಸಿದ್ಧಾಂತವನ್ನು ಪರೀಕ್ಷೆಗೆ, ನಕ್ಷೆಯನ್ನು ಸ್ಟುಡಿಯೊಗೆ ಎಂದು ಬೇರೆಬೇರೆ ಇಟ್ಟುಕೊಳ್ಳುತ್ತಾರೆ. ಎರಡೂ ಕೂಡುವುದು ಭೂಬಳಕೆ ನಕ್ಷೆಯ ಮೂಲೆಯಲ್ಲಿರುವ ಬಣ್ಣದ ಸೂಚಿಯಲ್ಲಿ. ಯಾವ ನೆಲಕ್ಕೆ ಏನು ಹೆಸರು ಕೊಟ್ಟಿರಿ ಎನ್ನುವುದರಲ್ಲೇ ಅರ್ಧ ತೀರ್ಮಾನ ಆಗಿಹೋಗಿರುತ್ತದೆ.

ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲನ್ನೇ, ಅಂದರೆ ಅಮೃತಮಹಲ್ ದನಗಳ ಮೇವಿಗೆಂದು ಹಿಂದೆ ಮೀಸಲಿಟ್ಟ ನೆಲವನ್ನೇ ನೋಡಿ. ಏಪ್ರಿಲ್ ತಿಂಗಳ ಉಪಗ್ರಹ ಚಿತ್ರದಲ್ಲಿ ಅದು ಬರೀ ಒಣನೆಲ. ಹಸಿರನ್ನು ಅಳೆಯುವ ಎನ್‌ಡಿವಿಐ ಸೂಚ್ಯಂಕ ತಳ ಹಿಡಿದಿರುತ್ತದೆ, ಕಂಪ್ಯೂಟರ್ ಅದನ್ನು ಪಾಳು ಭೂಮಿಯ ಗುಂಪಿಗೆ ಸೇರಿಸಿಬಿಡುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ನೆಲ ಹುಲ್ಲುಗಾವಲು, ಸುತ್ತಲ ಹಳ್ಳಿಗಳ ಕುರಿ–ದನಗಳಿಗೆ ಮೇವು. ಇಲ್ಲಿನ ಸಾವಿರಾರು ಎಕರೆಯನ್ನು ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳಿಗೆ ಕೊಟ್ಟಾಗ ಎದ್ದ ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಆದ್ದರಿಂದ ಒಂದೇ ದಿನಾಂಕದ ಚಿತ್ರ ನೆಚ್ಚಬೇಡಿ. 10 ಮೀಟರ್ ಸ್ಪಷ್ಟತೆಯ ಸೆಂಟಿನೆಲ್-2 ಚಿತ್ರಗಳು ಉಚಿತವಾಗಿ ಸಿಗುತ್ತವೆ. ಅಕ್ಟೋಬರ್‌ನದೊಂದು, ಏಪ್ರಿಲ್‌ನದೊಂದು ತೆಗೆದುಕೊಳ್ಳಿ. ಬಳಿಕ ನೆಲದ ಮೇಲೆ ಹೋಗಿ ತಾಳೆ ನೋಡಿ. ಪ್ರತಿ ಗುಂಪಿಗೂ ಸುಮಾರು 50 ಜಾಗ ನೋಡುವುದು ರೂಢಿ. ಪಹಣಿಯಲ್ಲಿ ಅದು ಕಾವಲೋ ಗೋಮಾಳವೋ ಖರಾಬೋ (ಸಾಗುವಳಿಗೆ ಬಾರದ ನೆಲ) ಎಂಬುದನ್ನು ನೋಡಿ ಬರೆದುಕೊಳ್ಳಿ. ಯಾವ ತಿಂಗಳು ಯಾರ ಹಿಂಡು ಎಲ್ಲಿ ಮೇಯುತ್ತದೆ ಎಂದು ಕುರಿಗಾಹಿಗಳನ್ನು ಕೇಳಿ. ಇದು ಯಾವ ಉಪಗ್ರಹಕ್ಕೂ ಸಿಗದ ಮಾಹಿತಿ.

ದಾವಣಗೆರೆ ಕಡೆ ತಪ್ಪು ಬೇರೆ ಬಗೆಯದು. ಕೆರೆಯ ಜಲಾನಯನದ ಗಡಿ ಎಳೆಯಲು ಎಲ್ಲರೂ 30 ಮೀಟರ್ ಸ್ಪಷ್ಟತೆಯ ಎತ್ತರ ದತ್ತಾಂಶವನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶಕ್ಕೆ ಹಾಕುತ್ತಾರೆ. ಅದರ ಎತ್ತರದಲ್ಲೇ ಹಲವು ಮೀಟರ್ ದೋಷವಿರಬಹುದು; ಗದ್ದೆ ಬಯಲಿನಲ್ಲಿ ಇಡೀ ಇಳಿಜಾರೇ ಅಷ್ಟಿರುವುದಿಲ್ಲ. ತಂತ್ರಾಂಶದ ‘ತಗ್ಗು ತುಂಬು’ ಎಂಬ ಹಂತ ಕೆರೆಯ ಅಂಗಳವನ್ನೇ ತುಂಬಿ ಸಮತಟ್ಟು ಮಾಡಿಬಿಡುತ್ತದೆ. ಭದ್ರಾ ಕಾಲುವೆಯ ಏರಿ ಹಳ್ಳಕ್ಕೆ ಅಡ್ಡ ಬಂದಿರುವಲ್ಲಿ ನೀರು ಯಾವ ಮೋರಿಯಲ್ಲಿ ದಾಟುತ್ತದೆ ಎಂಬುದು ತಂತ್ರಾಂಶಕ್ಕೆ ಗೊತ್ತಿರುವುದಿಲ್ಲ, ಗಡಿ ಎಲ್ಲೆಲ್ಲೋ ಹರಿಯುತ್ತದೆ. ಹೀಗಾಗಿ ಕಾಲುವೆಯ ಉದ್ದಕ್ಕೂ ನಡೆದು ಪ್ರತಿ ಮೋರಿಯನ್ನೂ ಜಿಪಿಎಸ್‌ನಲ್ಲಿ ಗುರುತಿಸಿ, ಆಮೇಲೆ ಗಡಿಯನ್ನು ಕೈಯಿಂದ ತಿದ್ದಬೇಕು. ಹಳೆಯ ಕಾಗದದ ಗ್ರಾಮನಕ್ಷೆಗೆ ಅಕ್ಷಾಂಶ–ರೇಖಾಂಶ ಇರುವುದಿಲ್ಲ. ಮೂರು ಊರಿನ ಗಡಿ ಕೂಡುವ ಕಲ್ಲುಗಳನ್ನು ಹುಡುಕಿ ಅವುಗಳ ಆಧಾರದಲ್ಲಿ ಕೂರಿಸಿ. ವಿಸ್ತೀರ್ಣ ಅಳೆಯುವಾಗ ನಕ್ಷೆಯನ್ನು ಮೀಟರ್‌ನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ ಬದಲಾಯಿಸುವುದನ್ನು ಮರೆಯಬೇಡಿ.

ಇನ್ನು ನೀರಿನ ಲೆಕ್ಕ. 10 ಚದರ ಕಿ.ಮೀ. ಜಲಾನಯನ, 600 ಮಿ.ಮೀ. ಮಳೆ ಎಂದಿಟ್ಟುಕೊಳ್ಳಿ. ಬಿದ್ದ ಮಳೆಯಲ್ಲಿ ಶೇ 10ರಷ್ಟು ಹರಿದು ಬಂದರೆ 6 ಲಕ್ಷ ಘನ ಮೀಟರ್. ಬೇರೆ ಬಗೆಯ ನೆಲಕ್ಕೆ ಹೇಳಿದ ಅಂಕಿ ಕಣ್ಣುಮುಚ್ಚಿ ಹಾಕಿ ಶೇ 30 ಹಿಡಿದರೆ 18 ಲಕ್ಷ! ಆ ಭರವಸೆಯ ಮೇಲೆ ಬರೆದ ಯೋಜನೆಯ ಕೆರೆ ಕಾಗದದಲ್ಲಿ ಮಾತ್ರ ಕೋಡಿ ಬೀಳುತ್ತದೆ. ಮೇಲ್ಭಾಗದ ಚೆಕ್ ಡ್ಯಾಂ, ಕೃಷಿ ಹೊಂಡಗಳು ಹಿಡಿಯುವ ನೀರನ್ನು ಕಳೆಯಿರಿ. ಕಾಲುವೆಯ ಅಚ್ಚುಕಟ್ಟಿನೊಳಗಿನ ಕೆರೆಯಾದರೆ ಗದ್ದೆಯ ಬಸಿನೀರನ್ನು ಕೂಡಿಸಿ, ಅದರ ಜೊತೆ ಬರುವ ಗೊಬ್ಬರದ ಸಾರಜನಕವನ್ನೂ ಪರೀಕ್ಷಿಸಿ.

ಜನರ ಪಾಲ್ಗೊಳ್ಳುವಿಕೆಯ ಸಿದ್ಧಾಂತ ಓದುವವರು ಒಂದು ಗಣಿ ಯೋಜನೆಯ ಕಡತ ಹಿಡಿಯಲಿ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಆಲಿಕೆಗೆ ಕನಿಷ್ಠ 30 ದಿನ ಮುಂಚೆ ತಿಳಿಸಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಸಿಗಬೇಕು. ಆಲಿಕೆಯ ನಡಾವಳಿ, ಅಂತಿಮ ವರದಿ ಎರಡನ್ನೂ ಪಕ್ಕಪಕ್ಕ ಇಟ್ಟು ಮೂರು ಅಂಕಣದ ಪಟ್ಟಿ ಮಾಡಿ: ಆಕ್ಷೇಪಣೆ, ಕೊಟ್ಟ ಉತ್ತರ, ಅದಕ್ಕೆ ತೆಗೆದಿಟ್ಟ ಹಣ. ‘ಗಮನಿಸಲಾಗಿದೆ’ ಎಂದಷ್ಟೇ ಬರೆದಿದ್ದರೆ ಎರಡನೇ ಅಂಕಣವನ್ನು ಖಾಲಿ ಬಿಡಿ.